ಅರ್ಜಿ ಬರೆಯದ ಅಪ್ಪ

ಮುಹೂರ್ತಕ್ಕೆ ಪರದಾಡದ ಮನೆ ಯಾವುದಿದೆ ಹೇಳಿ? ಒಂದು ಮನೆಯಲ್ಲಿ ಹುಡುಗಿಗೆ ಗುರುಬಲ ಇಲ್ಲ, ಇನ್ನೊಂದು ಮನೆಗೆ ಆಷಾಢ ಅಡ್ಡ, ಮತ್ತೊಂದು ಮನೆಯಲ್ಲಿ ಅಜ್ಜ ತೀರಿಕೊಂಡು ವರ್ಷ ತುಂಬಿಲ್ಲ. ಪುಣೆಯ ಧನಕವಡಿಯಲ್ಲಿದ್ದ ಬಸವಣ್ಣೆವ್ವನ ಮನೆಗೆ 2003ರಲ್ಲಿ ಅಡ್ಡ ಬಂದದ್ದು ಸಿಂಹಸ್ಥ. ಗುರು ಸಿಂಹರಾಶಿಗೆ ಹೋದನೆಂದರೆ ಹದಿಮೂರು ತಿಂಗಳು ತಾಳಿ ಕಟ್ಟಬಾರದು ಎಂದು ಆ ಕಡೆ ಬಹಳ ಜನ ನಂಬುತ್ತಾರೆ. ನಂಬಲಿ, ನಮ್ಮ ತಕರಾರಿಲ್ಲ. ಆದರೆ ಗುರು ಆಕಾಶದಲ್ಲಿ ಯಾವ ಮನೆಯಲ್ಲಿದ್ದರೂ ಭೂಮಿಯ ಮೇಲಿನ ಹುಡುಗ ಹುಡುಗಿಯರ ವಯಸ್ಸು ಅವನಿಗಾಗಿ ಕಾಯುತ್ತಾ ಕೂರುವುದಿಲ್ಲ.

ಬಸವಣ್ಣೆವ್ವನಿಗೆ ಒಬ್ಬನೇ ಮಗ, ಶಿವರಾಜ. ಅಪ್ಪ ನೌಕರಿಯಲ್ಲಿದ್ದಾಗಲೇ ತೀರಿಕೊಂಡರು. ಅದೇ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮಗನಿಗೆ ಗುಮಾಸ್ತನ ಕೆಲಸ ಸಿಕ್ಕಿತು. ಮರು ವರ್ಷ ತಾಯಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಅವಳ ಆರೈಕೆಯಲ್ಲೇ ಶಿವರಾಜನ ಗಳಿಕೆ ರಜೆಯೆಲ್ಲ ಮುಗಿಯಿತು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ಕ್ಷಮೆ ಕೇಳುವ ಜಾತಿಯ ಹುಡುಗ ಅವನು. ಇಂಥವರನ್ನು ಎಲ್ಲರೂ ಒಳ್ಳೆಯವನು ಅನ್ನುತ್ತಾರೆ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪುಣೆ ಹತ್ತಿರದ ಸಾಸವಡದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವ್ವಣ್ಣನ ಹಿರಿಮಗಳು ಕುಸುಮಳ ಜೊತೆ ಅವನ ನಿಶ್ಚಯ ಆಗಿತ್ತು. ಲಗ್ನದ ದಿನ ಹುಡುಕುವಷ್ಟರಲ್ಲಿ ಸಿಂಹಸ್ಥ ಬಂತು. ಕುಸುಮ ಧನಕವಡಿಯ ಕಾಲೇಜಿಗೆ ದಿನಾ ಬರುತ್ತಿದ್ದಳು. ಮಧ್ಯಾಹ್ನ ಅತ್ತೆಯಾಗಲಿರುವವಳ ಮನೆಯಲ್ಲೇ ಊಟ. ಬಸವಣ್ಣೆವ್ವನ ಬಿದ್ದ ಕೈಗೆ ಎಣ್ಣೆ ತಿಕ್ಕಿ, ರೊಟ್ಟಿ ಬಡಿದುಕೊಟ್ಟು ಹೋಗುತ್ತಿದ್ದಳು. ಹಿರಿಯರೇ ಹೀಗೆ ಬಾಗಿಲು ತೆರೆದಿಟ್ಟ ಮೇಲೆ ಆಗುವುದು ಆಯಿತು. ಸಂಕ್ರಾಂತಿಯ ಹೊತ್ತಿಗೆ ಅವಳಿಗೆ ನಾಲ್ಕು ತಿಂಗಳು.

ಪಕ್ಕದ ಮನೆಯ ಶೈಲಾ ದವಾಖಾನೆಯಲ್ಲಿ ನರ್ಸ್. ಅವಳ ಕಣ್ಣಿಗೆ ಮೊದಲು ಬಿತ್ತು. ಅಂದೇ ಸಂಜೆ ಬಂದು ಬಸವಣ್ಣೆವ್ವನ ಎದುರು ಕೂತಳು.

"ಮಾವಶಿ, ನೇರ ಮಾತಾಡತೀನಿ. ನಾಳೆನ ಹೋಗಿ ರಜಿಸ್ಟರ್ ಲಗ್ನದ ನೋಟಿಸ್ ಕೊಡ್ರಿ. ತಿಂಗಳ ಮ್ಯಾಲೆ ಇಬ್ಬರೂ ಸಹಿ ಮಾಡಲಿ. ಸಿಂಹಸ್ಥ ಮುಗಿದ ಮ್ಯಾಲೆ ಬೇಕಾದಷ್ಟು ಅಕ್ಕಿಕಾಳು ಹಾಕ್ರಿ, ಯಾರು ಬ್ಯಾಡ ಅಂತಾರ?"

"ಏ ಯವ್ವಾ, ಸಹಿ ಮಾಡಿದ್ರೂ ಲಗ್ನನ ಅಲ್ಲೇನು? ಸಿಂಹಸ್ಥದಾಗ ಲಗ್ನ ಆದರ ಮನಿಗೆ ಒಳ್ಳೇದಾಗಂಗಿಲ್ಲ. ಮಂದಿ ಏನಂದಾರು?"

"ಗಡಿಗಿ ಬಾಯಿ ಮುಚ್ಚಬಹುದು, ಮಂದಿ ಬಾಯಿ ಮುಚ್ಚಾಕ ಬರ್ತದೇನ್ರಿ? ನೀವು ಕೂಸಿನ ವಿಚಾರ ಮಾಡ್ರಿ."

"ಕೂಸು ಆಷಾಢಕ್ಕ ಬರತದ. ಆಗಸ್ಟ್ ಕಡೀಕ ಗುರು ದಾಟತಾನ. ನಡುವ ಎರಡು ತಿಂಗಳು, ಅಷ್ಟ. ಹುಡುಗಿನ್ನ ಇಲ್ಲೇ ಇಟ್ಟುಕೊಂಡರಾತು, ಯಾರಿಗೆ ತಿಳೀತದ?"

ಶೈಲಾ ಶಿವರಾಜನ ಮುಖ ನೋಡಿದಳು. ಅವನು ನೆಲ ನೋಡಿದ. ಕುಸುಮ ಒಳಗಿನಿಂದ, "ನಂಗಂತೂ ಸಹಿ ಮಾಡೂಣು ಅನಸ್ತದ," ಎಂದಳು. ಹಿರಿಯರ ಮುಂದೆ ಹುಡುಗಿ ಮಾತಾಡಿದಳು ಎಂದು ಬಸವಣ್ಣೆವ್ವ ಎರಡು ದಿನ ಮುಖ ಬಿಗಿದುಕೊಂಡಿದ್ದಳು. ನೋಟಿಸ್ ಕೊಡಲಿಲ್ಲ, ಕುಸುಮ ಅಲ್ಲೇ ಉಳಿದಳು.

ಕೂಸು ಆಷಾಢದವರೆಗೂ ಕಾಯಲಿಲ್ಲ. ಜೂನ್ ಮೊದಲ ವಾರ, ದಿನ ತುಂಬುವ ಮೊದಲೇ ಬಂತು. ಹೆಣ್ಣು ಕೂಸು, ಒಂದೂಮುಕ್ಕಾಲು ಕಿಲೋ ಸಹ ಇರಲಿಲ್ಲ. ಕುಸುಮಳಿಗೆ ರಕ್ತ ನಿಲ್ಲಲಿಲ್ಲ. ಶಿವರಾಜ ಎರಡು ಬಾಟಲಿ ರಕ್ತ ತಂದ, ಮೂರನೆಯದಕ್ಕೆ ಓಡಿದ. ಅವನು ತಿರುಗಿ ಬರುವಾಗ ಶೈಲಾ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಅವನಿಗೆ ತಿಳಿಯಿತು.

ಆ ದಿನವೇ ದವಾಖಾನೆಯ ಗುಮಾಸ್ತ ಜನನದ ಫಾರ್ಮ್ ಹಿಡಿದು ಬಂದ. ತಾಯಿಯ ಹೆಸರು ಬರೆದುಕೊಂಡ. ತಂದೆಯ ಹೆಸರು ಕೇಳಿದ. ಶಿವರಾಜ ಬಾಯಿ ತೆರೆಯುವಷ್ಟರಲ್ಲಿ ಬಸವಣ್ಣೆವ್ವ ಎಡಗೈಯಿಂದ ಅವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು.

"ಹುಚ್ಚಪ್ಪಾ, ಅಕಿ ಹೋದಳು. ನಿನಗ ಇನ್ನೂ ಲಗ್ನ ಆಗಬೇಕು. ಹೆಸರು ಬರಸಿದಿ ಅಂದರ ನಾಳೆ ಯಾರು ಹೆಣ್ಣು ಕೊಡತಾರ?"

ಅವ್ವಣ್ಣನೂ ಅಲ್ಲೇ ಇದ್ದ. ಮಗಳ ಹೆಣ ಒಳಗಿತ್ತು, ಪಾಪ, ಅವನ ತಲೆಯಲ್ಲಿ ಸಾಸವಡದ ಪೇಟೆ ತಿರುಗುತ್ತಿತ್ತು. "ನನಗೂ ಇನ್ನೊಬ್ಬ ಮಗಳದಾಳ, ಶಿವರಾಜ. ಈಗ ಏನೂ ಬರಸೂದು ಬ್ಯಾಡ," ಎಂದ. ಗುಮಾಸ್ತ ತಂದೆಯ ಹೆಸರಿನ ಎದುರು ಒಂದು ಅಡ್ಡಗೆರೆ ಎಳೆದು ಹೋದ. ಈ ಕಥೆಯಲ್ಲಿ ತಾಯಿಯನ್ನು ಬಯ್ಯುವುದು ಸುಲಭ. ಆದರೆ ಶಿವರಾಜನ ನಾಲಿಗೆ ಅವನ ಬಾಯಿಯಲ್ಲೇ ಇತ್ತು.

ಕೂಸನ್ನು ಮೂರು ವಾರ ಸಣ್ಣ ಕೂಸುಗಳ ವಾರ್ಡಿನಲ್ಲಿಟ್ಟರು. ಶಿವರಾಜ ದಿನಾ ಕಚೇರಿ ಮುಗಿಸಿ ಹೋಗಿ ಗಾಜಿನಾಚೆಯಿಂದ ನೋಡುತ್ತಿದ್ದ. ಒಂದು ದಿನ ಡಾಕ್ಟರಮ್ಮ ಅವನನ್ನು ಮಾತಾಡಿಸಿದರು. ಕೂಸು ಉಳಿದಿದೆ, ಇನ್ನು ಮನೆಗೆ ಕೊಡಬಹುದು. ಆದರೆ ಮೈ ಬಿಸಿ ಹಿಡಿಯುವ ಶಕ್ತಿ ಇನ್ನೂ ಬಂದಿಲ್ಲ. ಎರಡು ಮೂರು ವಾರ ಹಗಲೂ ರಾತ್ರಿ ಯಾರಾದರೂ ಬರಿ ಎದೆಗೆ ಆನಿಸಿಕೊಂಡು, ಮೇಲೆ ಬಟ್ಟೆ ಸುತ್ತಿಕೊಂಡು ಇರಬೇಕು. ಎರಡೆರಡು ತಾಸಿಗೆ ಚಮಚದಲ್ಲಿ ಹಾಲು ಕುಡಿಸಬೇಕು. ತಾಯಿಯೇ ಆಗಬೇಕೆಂದಿಲ್ಲ, ತಂದೆಯ ಎದೆಯೂ ಬೆಚ್ಚಗೇ ಇರುತ್ತದೆ. ಇಷ್ಟು ಹೇಳಿ, "ನೀವು ಕೂಸಿಗೆ ಏನಾಗಬೇಕು?" ಎಂದು ಮರಾಠಿಯಲ್ಲಿ ಕೇಳಿದರು.

"ಸಂಬಂಧಿಕ," ಎಂದ ಶಿವರಾಜ.

"ಹಾಗಾದರೆ ತಂದೆಗೆ ಹೇಳಿ, ಬರಲಿ."

"ಹೇಳತೀನಿ," ಎಂದು ಅವನು ಹೊರಗೆ ಬಂದ. ಬಸ್ ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟ. ತಾಯಿಗೆ ಒಂದೇ ಕೈ, ಚಮಚ ಹಿಡಿದರೆ ಕೂಸು ಹಿಡಿಯುವವರಿಲ್ಲ. ಎದೆ ಕೊಡಬೇಕಾದವನು ತಾನೊಬ್ಬನೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ರಜೆ ಬೇಕು. ಹೆಂಡತಿ ಹೆತ್ತರೆ ಗಂಡನಿಗೆ ಹದಿನೈದು ದಿನ ಪಿತೃತ್ವ ರಜೆ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಬಂದಿದೆ ಎಂದು ಅವನೇ ಒಂದು ಸುತ್ತೋಲೆಯನ್ನು ಫೈಲಿಗೆ ಸೇರಿಸಿದ್ದ.

ಮರುದಿನ ಹೆಡ್ ಕ್ಲಾರ್ಕ್ ಈರಬಸಪ್ಪನವರ ಮೇಜಿನ ಹತ್ತಿರ ಹೋದ. ಅವರೂ ಕನ್ನಡದವರೇ, ಬಾಗಲಕೋಟೆ ಕಡೆಯವರು.

"ಸರ್, ಅಪ್ಪ ಆದವರಿಗೆ ಹದಿನೈದು ದಿನ ರಜಾ ಅದ ಅಂತಲ್ರಿ?"

"ಅದನಲ್ಲ. ಯಾರಿಗೆ ಬೇಕಾಗೇದ?"

"ಸುಮ್ಮನ ಕೇಳಿದೆರಿ."

"ಹೆಂಡತಿ ಹೆರಿಗಿಗೆ ಅಂತ ನಿಯಮದಾಗ ಬರದಾರ ತಮ್ಮಾ. ನೀ ಯಾವಾಗ ಲಗ್ನ ಆದಿ? ನಮಗ ಪೇಢಾ ಕೊಡಲೇ ಇಲ್ಲ!"

ಸುತ್ತಲಿನವರು ನಕ್ಕರು. ಶಿವರಾಜನೂ ನಕ್ಕು ತನ್ನ ಕುರ್ಚಿಗೆ ಹೋಗಿ ಕೂತ. ಅಲ್ಲಿಗೆ ಅವನ ವಿಚಾರಣೆ ಮುಗಿಯಿತು. ಅರ್ಜಿ ಬರೆಯಲಿಲ್ಲ. ತನ್ನ ಕೂಸು ಎಂದು ಹೇಳಲಿಲ್ಲ. ಬೇರೆ ಯಾವ ರಜೆ ಸಿಗಬಹುದು ಎಂದೂ ಕೇಳಲಿಲ್ಲ. ಅಳುವ ಕೂಸಿಗೆ ಹಾಲು ಅನ್ನುತ್ತಾರೆ. ಇವನು ಅಳಲೂ ನಾಚಿಕೊಂಡ.

ಭಾನುವಾರ ಅವ್ವಣ್ಣ ಬಂದು, ಕೂಸನ್ನು ಅನಾಥ ಮಕ್ಕಳ ಶಿಶುಗೃಹಕ್ಕೆ ಕೊಡುವುದು ಎಂದು ಹೇಳಿದ. "ಅಲ್ಲಿ ನರ್ಸ್ ಇರತಾರ, ಗಾಜಿನ ಪೆಟ್ಟಿಗಿ ಇರತದ. ಇಲ್ಲಿ ಯಾರು ಹೊರತಾರ, ನೀನ ಹೇಳು. ನಿನಗ ರಜಾ ಅದ ಏನು?"

"ಇಲ್ಲರಿ ಮಾವಾರ," ಎಂದ ಶಿವರಾಜ.

ಮರುದಿನ ರಿಕ್ಷಾದಲ್ಲಿ ಹೋದರು. ಕೂಸು ಶಿವರಾಜನ ಕೈಯಲ್ಲಿತ್ತು. ಹುಟ್ಟಿದ ಮೇಲೆ ಅವನು ಅದನ್ನು ಮುಟ್ಟಿದ್ದು ಅಂದೇ ಮೊದಲು. ಹೊರಗೆ ಮಳೆಗಾಳಿ ಇತ್ತು. ಅವನು ಅಂಗಿಯ ಗುಂಡಿ ಬಿಚ್ಚಿ ಕೂಸನ್ನು ಎದೆಗೆ ಆನಿಸಿ ಅಂಗಿ ಮುಚ್ಚಿಕೊಂಡ. ಮೊದಲು ಮಿಸುಕಾಡಿದ ಕೂಸು ಆಮೇಲೆ ಮೂಗನ್ನು ಅವನ ಎದೆಗೆ ಒತ್ತಿ ನಿದ್ದೆ ಹೋಯಿತು. ಅವನ ಎದೆಯೂ ಬೆಚ್ಚಗಾಯಿತು. ಡಾಕ್ಟರಮ್ಮ ಹೇಳಿದ್ದು ನಿಜವಾಗಿತ್ತು. ಅರ್ಧ ತಾಸಿನ ದಾರಿ. ರಿಕ್ಷಾ ಕೆಡಲಿ, ಸಿಗ್ನಲ್ ಬೀಳಲಿ ಎಂದು ಅವನು ಬೇಡಿಕೊಂಡ. ಆವತ್ತು ದಾರಿಯೆಲ್ಲ ಖಾಲಿ ಇತ್ತು.

ಶಿಶುಗೃಹದ ಮೇಲ್ವಿಚಾರಕಿ ಕೂಸನ್ನು ತೆಗೆದುಕೊಳ್ಳುತ್ತಾ, "ಇವರು ಯಾರು?" ಎಂದು ಕೇಳಿದರು.

"ನಮ್ಮ ಕಡೆಯವರು," ಎಂದು ಅವ್ವಣ್ಣ ಸಹಿ ಮಾಡಿದ. ಶಿವರಾಜ ಗುಂಡಿ ಹಾಕಿಕೊಂಡ.

ಶೈಲಾ ಆ ವಾರ ಊರಲ್ಲಿರಲಿಲ್ಲ. ತಿರುಗಿ ಬಂದವಳಿಗೆ ಸುದ್ದಿ ತಿಳಿದು, ಹೆಗಲ ಚೀಲ ಇಳಿಸುವ ಮೊದಲೇ ಇವರ ಮನೆಗೆ ನುಗ್ಗಿದಳು.

"ಅರ್ಜಿ ಕೊಟ್ಟಿಯೇನು ಆಫೀಸಿನಾಗ?"

"ಕೇಳಿದೆ ಅಕ್ಕಾ. ಲಗ್ನ ಆದವರಿಗೆ ಮಾತ್ರ ಅಂದರು."

"ಬಾಯಿಲೆ ಕೇಳಿದರ ಬಾಯಿಲೆ ಹೇಳತಾರ. ಬರದು ಕೊಟ್ಟರ ಬರದು ಉತ್ತರ ಕೊಡಬೇಕಾಗತದ. ಪಿತೃತ್ವ ರಜಾ ಕೊಡತಾರೋ ಇಲ್ಲೋ ನನಗೂ ಗೊತ್ತಿಲ್ಲ. ನಿಯಮದಾಗ ಹೆಂಡತಿ ಅಂತ ಅದ, ಲಗ್ನ ಆಗದ ಅಪ್ಪನ ಮಾತ ಇಲ್ಲ. ಆದರ ಅದಲ್ಲದ ಬ್ಯಾರೆ ರಜಾನೂ ಇರತಾವಲ್ಲ? ಕೇಳಬೇಕಲ್ಲ?" ಅವಳು ದನಿ ತಗ್ಗಿಸಿದಳು. "ಇನ್ನೂ ಹೊತ್ತು ಮೀರಿಲ್ಲ. ಕೊಟ್ಟ ಕೂಸಿನ್ನ ತಿರುಗಿ ಕೇಳಾಕ ಎರಡು ತಿಂಗಳು ವ್ಯಾಳೆ ಇರತದ. ಇವತ್ತ ಹೋಗು, ನಾ ಇದರ ಅಪ್ಪ ಅಂತ ಒಂದು ಹಾಳಿ ಮ್ಯಾಲೆ ಬರದು ಕೊಡು. ಉಳಿದ ಕಾಗದ ಆಮ್ಯಾಲೆ."

ಬಸವಣ್ಣೆವ್ವ ನಡುವೆ ಬಂದಳು. "ಅಥಣಿಯಿಂದ ಹೆಣ್ಣಿನವರು ಬರೋರದಾರ. ನಮ್ಮ ಮನಿ ಮಾತು ನೀ ಬಿಡು ಯವ್ವಾ."

ಶಿವರಾಜ ಹೋಗಲಿಲ್ಲ. ಹೊರಡುತ್ತಿದ್ದ, ಶಿಶುಗೃಹದ ಗಲ್ಲಿಯ ತುದಿಯವರೆಗೆ ಎರಡು ಸಲ ಹೋಗಿದ್ದ. "ಇವರು ಯಾರು?" ಎಂಬ ಪ್ರಶ್ನೆ ನೆನಪಾಗಿ ಕಾಲು ಮುಂದೆ ಹೋಗುತ್ತಿರಲಿಲ್ಲ. ನನ್ನ ಹತ್ತಿರ ಏನು ದಾಖಲೆ ಇದೆ, ಯಾರು ನಂಬುತ್ತಾರೆ, ಎಂದುಕೊಂಡು ತಿರುಗಿ ಬರುತ್ತಿದ್ದ. ಊಟ ಸೇರುತ್ತಿರಲಿಲ್ಲ. ಕಚೇರಿಯಲ್ಲಿ ಕೂತಲ್ಲೇ ಅಂಗಿಯ ಮೇಲೆ ಕೈ ಇಟ್ಟುಕೊಂಡಿರುತ್ತಿದ್ದ. ಎದೆ ನೋವೇ ಎಂದು ಯಾರೋ ಕೇಳಿದರೆ ಅಲ್ಲ ಎನ್ನುತ್ತಿದ್ದ. ಹೀಗೆ ಆರು ವಾರ ಹೋದವು. ಎರಡು ತಿಂಗಳಲ್ಲಿ ಆರು ವಾರ!

ಮಗ ಒಣಗುತ್ತಿರುವುದನ್ನು ನೋಡಿ ಬಸವಣ್ಣೆವ್ವನಿಗೂ ಒಳಗೊಳಗೇ ಹೆದರಿಕೆ ಹತ್ತಿತು. ಶೈಲಾ ಇದೇ ಸಮಯ ನೋಡಿ ಹೇಳಿದಳು: "ಮಾವಶಿ, ಒಮ್ಮೆ ನನ್ನ ಜೋಡಿ ಬಂದು ಕೂಸಿನ್ನ ನೋಡ್ರಿ. ನೋಡಿದ ಮ್ಯಾಲೂ ಬ್ಯಾಡ ಅಂದರ ನಾ ಮತ್ತ ಈ ಮಾತ ಎತ್ತಂಗಿಲ್ಲ."

ಇಬ್ಬರೂ ಹೋದರು. ಸಾಲು ತೊಟ್ಟಿಲಲ್ಲಿ ಕೂಸು ಸ್ವಲ್ಪ ಮೈ ತುಂಬಿಕೊಂಡು ಮಲಗಿತ್ತು. ತೊಟ್ಟಿಲಿಗೆ ಒಂದು ಚೀಟಿ ಕಟ್ಟಿದ್ದರು.

"ಏನು ಬರದಾರ ಓದವಾ," ಎಂದಳು ಬಸವಣ್ಣೆವ್ವ.

"ತಾಯಿ, ಕುಸುಮ. ತೀರಿಕೊಂಡಾಳ. ತಂದಿ, ಗೊತ್ತಿಲ್ಲ."

"ಏನಂದಿ?"

"ತಂದಿ ಯಾರು ಅಂತ ಗೊತ್ತಿಲ್ಲ ಅಂತ ಬರದಾರ್ರಿ."

"ಯಾರು ಹಾಂಗ ಬರದವರು? ನಮ್ಮ ಮನೀ ಕೂಸಿಗೆ ಅಪ್ಪ ಇಲ್ಲೇನು? ನನ್ನ ಸೊಸಿ ಅಂಥಾಕಿ ಇದ್ದಳೇನು?"

"ಬರಸಿದವರು ನೀವರಿ, ಮಾವಶಿ."

ಬಸವಣ್ಣೆವ್ವ ಎಡಗೈಯಿಂದ ಆ ಚೀಟಿಯನ್ನು ಮುಚ್ಚಿದಳು. ಎಣ್ಣೆ ತಿಕ್ಕುತ್ತಿದ್ದ ಹುಡುಗಿಯ ಮೇಲೆ ತಾನೇ ಮಸಿ ಬಳಿದೆ ಎಂಬುದು ಆಗ ಅವಳಿಗೆ ಹೊಳೆಯಿತು. ಮನೆಗೆ ಬಂದು ಮಗನ ಕೈಗೆ ಕಾಗದ ಕೊಟ್ಟು, "ಬರಿ. ನಾ ಸುಳ್ಳು ಹೇಳಿದ್ದೆ ಅಂತ ಅದನ್ನೂ ಬರಿ. ಎಲ್ಲಿ ಬೇಕಾದರೂ ಹೆಬ್ಬಟ್ಟು ಒತ್ತತೀನಿ," ಎಂದಳು.

ಶಿವರಾಜ ಬರೆದ. ಆದರೆ ಹೆದರಿದವನ ಬುದ್ಧಿ ನೋಡಿ: ಶಿಶುಗೃಹಕ್ಕೆ ಬರಿಗೈಯಲ್ಲಿ ಹೋಗಬಾರದು, ಮೊದಲು ಎಲ್ಲ ಕಾಗದ ಗಟ್ಟಿ ಮಾಡಿಕೊಳ್ಳೋಣ ಎಂದುಕೊಂಡ. ಜನನದ ದಾಖಲೆಗೆ ಹೆಸರು ಸೇರಿಸಲು ಅವ್ವಣ್ಣನ ಹೇಳಿಕೆಯೂ ಬೇಕಾಯಿತು. ಸಾಸವಡಕ್ಕೆ ಮೂರು ಸಲ ಹೋದ. ಮೂರು ಸಲವೂ ಅಂಗಡಿಯವರು, "ಜೇಜುರಿಗೆ ದರ್ಶನಕ್ಕೆ ಹೋಗಿದ್ದಾರೆ," ಎಂದರು. ನಾಲ್ಕನೆಯ ಸಲ ಬಸವಣ್ಣೆವ್ವನೇ ಹೋಗಿ ಅಂಗಡಿಯ ಕಟ್ಟೆಯ ಮೇಲೆ ಕೂತು ಏಳಲಿಲ್ಲ. ಆಮೇಲೆ ಅವ್ವಣ್ಣ ಸಹಿ ಮಾಡಿದ, ಮಾಡುತ್ತಾ ಅತ್ತ.

ಕಚೇರಿಯಲ್ಲಿ ಈರಬಸಪ್ಪ ಅರ್ಜಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ಅವತ್ತ ಸುಮ್ಮನ ಕೇಳಿದೆ ಅಂದೆಲ್ಲೋ!"

"ನಾಚಿಕಿ ಆತ್ರಿ, ಸರ್."

"ನಾ ಪೇಢಾ ಕೇಳಿದೆ," ಎಂದು ಅವರು ಅರ್ಜಿಯನ್ನು ತಾವೇ ಮೇಲಧಿಕಾರಿಗೆ ಒಯ್ದು ಕೊಟ್ಟರು.

ಆರನೆಯ ದಿನ ಬರಹದಲ್ಲಿ ಉತ್ತರ ಬಂತು. ಅರ್ಜಿದಾರ ಅವಿವಾಹಿತ. ನಿಯಮದಲ್ಲಿ ಹೆಂಡತಿಯ ಹೆರಿಗೆ ಎಂದಿರುವುದರಿಂದ ಪಿತೃತ್ವ ರಜೆ ಕೊಡಲು ಬರುವುದಿಲ್ಲ. ಕೆಳಗೆ ಇನ್ನೊಂದು ಸಾಲು ಇತ್ತು: ಕೂಸನ್ನು ನೋಡಿಕೊಳ್ಳುವ ಸಲುವಾಗಿ ಸಂಬಳವಿಲ್ಲದ ರಜೆಯನ್ನು ಅರವತ್ತು ದಿನ ಮಂಜೂರು ಮಾಡಲಾಗಿದೆ.

"ಸರ್, ಈ ರಜಾ ಜೂನದಾಗೂ ಸಿಗತಿತ್ತೇನ್ರಿ?" ಎಂದು ಶಿವರಾಜ ಕೇಳಿದ.

ಈರಬಸಪ್ಪ, "ಸಿಗತಿತ್ತಪ್ಪಾ," ಎಂದರು.

ಸೆಪ್ಟೆಂಬರ್ ಎರಡನೆಯ ವಾರ ಶಿವರಾಜ, ಬಸವಣ್ಣೆವ್ವ, ಶೈಲಾ ಮೂವರೂ ಶಿಶುಗೃಹಕ್ಕೆ ಹೋದರು. ಬಸವಣ್ಣೆವ್ವ ಕುಲಾವಿ, ಕಂಬಳಿ ಹಿಡಿದಿದ್ದಳು. ಅಂದಿನ ಮೇಲ್ವಿಚಾರಕಿಯೇ ಇದ್ದರು. ಅವರು ಕಾಗದಗಳನ್ನೆಲ್ಲ ಓದಿದರು. ಆಮೇಲೆ ಮೆಲ್ಲಗೆ, "ಎರಡು ತಿಂಗಳು ಮುಗಿದು ಹದಿನೇಳು ದಿನ ಆಯಿತು. ಕೂಸನ್ನು ಒಂದು ಮನೆಗೆ ಕೊಟ್ಟಾಗಿದೆ," ಎಂದರು. ಯಾವ ಊರು, ಯಾವ ಮನೆ ಎಂದು ಹೇಳುವಂತಿಲ್ಲ. ಒಳ್ಳೆಯ ಜನ, ಬಹಳ ವರ್ಷದಿಂದ ಮಕ್ಕಳಿಗಾಗಿ ಕಾದವರು. ಅವರದೇನು ತಪ್ಪು? "ಇಷ್ಟೆಲ್ಲ ಕಾಗದ ಬೇಕಿರಲಿಲ್ಲ. ಅವಧಿಯೊಳಗೆ ಬಂದು ಒಂದು ಸಾಲು ಬರೆದು ಕೊಟ್ಟಿದ್ದರೆ ನಾವು ಕೂಸನ್ನು ಇಟ್ಟುಕೊಂಡು ವಿಚಾರಿಸುತ್ತಿದ್ದೆವು," ಎಂದರು.

ವಕೀಲರನ್ನು ಕಂಡರು, ಕೋರ್ಟಿನ ಮೆಟ್ಟಿಲು ಹತ್ತಿದರು. ಆಗಲಿಲ್ಲ. ಶಿವರಾಜ ಅರವತ್ತು ದಿನದ ರಜೆಯಲ್ಲಿ ಮೂರು ದಿನ ಮನೆಯಲ್ಲಿ ಕೂತು, ನಾಲ್ಕನೆಯ ದಿನ ಕೆಲಸಕ್ಕೆ ಹೋದ. ಅಥಣಿಯವರನ್ನು ಬಸವಣ್ಣೆವ್ವನೇ ಬರಬೇಡಿ ಎಂದಳು. ಈಗ ಅವಳು ಓಣಿಯ ಉಳಿತಾಯ ಗುಂಪಿನ ಸಭೆಗೆ ತಪ್ಪದೆ ಹೋಗುತ್ತಾಳೆ. ಯಾರ ಮನೆಯಲ್ಲಾದರೂ ಲಗ್ನ ಮುಂದೆ ಹೋಯಿತೆಂದರೆ, "ಮೊದಲು ಸಹಿ ಮಾಡಸ್ರಿ," ಎನ್ನುತ್ತಾಳೆ. ಯಾಕೆ ಎಂದು ಕೇಳಿದರೆ ಈ ಕಥೆಯನ್ನು ತನ್ನದೇ ತಪ್ಪೆಂದು ಮೊದಲಿನಿಂದ ಹೇಳುತ್ತಾಳೆ. ಮುಗಿಸುವ ಶಕ್ತಿ ಅವಳಿಗೆ ಇನ್ನೂ ಬಂದಿಲ್ಲ. ಅದಕ್ಕೇ ನಾವು ಇಲ್ಲಿ ಮುಗಿಸಿ ಹೇಳುತ್ತಿದ್ದೇವೆ.

ಓದುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ನಿಮಗೆ ಸುಳ್ಳು ಸಮಾಧಾನ ಹೇಳುವುದಿಲ್ಲ. 2007 ಬಂದರೂ ಲಗ್ನವಾಗದ ಒಂಟಿ ಅಪ್ಪನನ್ನು ನಮ್ಮ ರಜೆಯ ನಿಯಮ ಇನ್ನೂ ಕಣ್ಣೆತ್ತಿ ನೋಡಿಲ್ಲ. ನೋಡಬೇಕು, ಅದಕ್ಕಾಗಿ ನಾವೆಲ್ಲ ಕೇಳಬೇಕು. ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದನ್ನಾದರೂ ಬಿಡಬೇಡಿ. ಲಗ್ನದ ನೋಂದಣಿಗೆ ಪಂಚಾಂಗ ಬೇಕಿಲ್ಲ. ಲಗ್ನ ಆಗಿರಲಿ, ಬಿಡಲಿ, ಹುಟ್ಟಿದ ಕೂಸಿಗೆ ನೀವು ಅಪ್ಪನಾದರೆ ಜನನದ ಫಾರ್ಮಿನಲ್ಲಿ ಹೆಸರು ಬರೆಸಿ. ರಜೆಯನ್ನು ಬಾಯಿಮಾತಿನಲ್ಲಿ ಕೇಳಿ ತಿರುಗಿ ಬರಬೇಡಿ. ಅರ್ಜಿ ಬರೆಯಿರಿ, ಅದರ ಒಂದು ಪ್ರತಿ ಇಟ್ಟುಕೊಳ್ಳಿ, ಉತ್ತರವನ್ನೂ ಬರಹದಲ್ಲೇ ಕೇಳಿ. ಪಿತೃತ್ವ ರಜೆಗೆ ಅವಧಿ ಇದೆ, ಕೂಸು ಹುಟ್ಟಿ ಆರು ತಿಂಗಳಾದ ಮೇಲೆ ಅದು ಸಿಗುವುದಿಲ್ಲ. ಅದು ನಿಮಗೆ ಬರುವುದಿಲ್ಲ ಎಂದರೆ, ಹಾಗಾದರೆ ಯಾವ ರಜೆ ಬರುತ್ತದೆ ಎಂದು ಅದೇ ದಿನ, ಅದೇ ಮೇಜಿನ ಮುಂದೆ ನಿಂತು ಕೇಳಿ. ನಗುವವರು ನಗಲಿ.

ಕುಸುಮಳ ಮಗಳಿಗೆ ಈಗ ಮೂರು ವರ್ಷ. ಎಲ್ಲೋ ಯಾರನ್ನೋ ಅಪ್ಪಾ ಎಂದು ಕರೆಯುತ್ತಿದ್ದಾಳೆ. ನಿಮ್ಮ ಕೂಸು ಇನ್ನೂ ನಿಮ್ಮ ಕೈಯಲ್ಲಿದ್ದರೆ, ಈ ಕಾಗದ ಮಡಚಿಟ್ಟು ಇವತ್ತೇ ಅರ್ಜಿ ಬರೆಯಲು ಕೂತುಕೊಳ್ಳಿ.